ಅಗ್ಗದ ಪಾಯಿಂಟ್ ಟೂ ಟೂ ಗುರಿ ಪಿಸ್ತೂಲು: ಕೊಳ್ಳುವ ಮುಂಚೆ ಏನೇನು ನೋಡಬೇಕು

ಅಮೆರಿಕದ ಅಂಗಡಿಗಳಲ್ಲಿ ಕಡಿಮೆ ಬೆಲೆಯ .22 (ಬ್ಯಾರೆಲ್ಲಿನ ಒಳ ಅಗಲ ಸುಮಾರು 0.22 ಇಂಚು) ಗುರಿ ಪಿಸ್ತೂಲು ಕೇಳಿದರೆ ಸಾಮಾನ್ಯವಾಗಿ ಮೂರು ಎದುರಿಗೆ ಬರುತ್ತವೆ: ರೂಗರ್ ಮಾರ್ಕ್ ಸರಣಿ, ಬ್ರೌನಿಂಗ್ ಬಕ್ ಮಾರ್ಕ್, ಸ್ಮಿತ್ ಅಂಡ್ ವೆಸ್ಸನ್ ವಿಕ್ಟರಿ. ಒಲಿಂಪಿಕ್ ಮಟ್ಟದ ಪಾರ್ಡಿನಿ, ವಾಲ್ಟರ್ ಪಿಸ್ತೂಲುಗಳ ಬೆಲೆ ಇವುಗಳ ಹಲವು ಪಟ್ಟು. ರೂಗರ್ ತನ್ನ ಮೊದಲ ಪಿಸ್ತೂಲನ್ನು 1949ರಲ್ಲಿ 37.50 ಡಾಲರ್‌ಗೆ ಮಾರಿತ್ತು. ಅಗ್ಗದ್ದೂ ನೇರವಾಗಿ ಹೊಡೆಯಬಲ್ಲದು ಎಂಬುದು ಅಂದಿನಿಂದಲೇ ಗೊತ್ತಿರುವ ವಿಷಯ. ಹಿಡಿಕೆ, ಮೇಲಿನ ಹೊಳಪು, ಟ್ರಿಗರ್‌ನ ನಯ ಇವುಗಳಲ್ಲಿ ಕಾಸು ಉಳಿಸಿದ್ದರೆ ಚಿಂತೆಯಿಲ್ಲ. ಬ್ಯಾರೆಲ್, ಚೇಂಬರ್ (ತೋಟಾ ಕೂರುವ ಗೂಡು), ಮ್ಯಾಗಝೀನ್ (ತೋಟಾ ತುಂಬುವ ಡಬ್ಬಿ) ಇವುಗಳಲ್ಲಿ ಸರಿಪಡಿಸಲಾಗದ ಕೊರತೆಯಿದ್ದರೆ ಮಾತ್ರ ಬಿಟ್ಟುಬನ್ನಿ. ಭಾರತದಲ್ಲಿ ಪರವಾನಗಿಯಿಲ್ಲದೆ ಇಂಥದ್ದನ್ನು ಇಟ್ಟುಕೊಳ್ಳುವಂತಿಲ್ಲ. ಆದರೆ ಕ್ಲಬ್ಬಿನ ಪಿಸ್ತೂಲಿನಲ್ಲಿ ಅಭ್ಯಾಸ ಮಾಡುವವರಿಗೂ ಇದೇ ಪರೀಕ್ಷೆ ಸಾಕು.

ಕೈಗೆ ತೆಗೆದುಕೊಂಡ ಕೂಡಲೇ ಮ್ಯಾಗಝೀನ್ ಹೊರತೆಗೆದು, ಬೋಲ್ಟ್ (ಚೇಂಬರ್‌ನ ಹಿಂಬದಿ ಮುಚ್ಚುವ, ಹಿಂದೆ ಮುಂದೆ ಜಾರುವ ಲೋಹದ ತುಂಡು) ಹಿಂದಕ್ಕೆಳೆದು, ಚೇಂಬರ್ ಖಾಲಿಯಿದೆಯೇ ಎಂದು ಕಣ್ಣಿಂದಲೂ ಕಿರುಬೆರಳಿಂದಲೂ ನೋಡಿ. ಅಂಗಡಿಯವರು ನೋಡಿ ಕೊಟ್ಟಿದ್ದರೂ ನೀವು ಮತ್ತೆ ನೋಡಲೇಬೇಕು.

ಬಹಳ ಜನ ಬೋಲ್ಟ್ ಅಲುಗಾಡಿಸಿ, ಲಟಲಟ ಸದ್ದು ಕೇಳಿ ಪಿಸ್ತೂಲು ಸರಿಯಿಲ್ಲವೆಂದು ತೀರ್ಮಾನಿಸುತ್ತಾರೆ. ಅದು ತಪ್ಪು. ಈ ಮೂರರಲ್ಲೂ ಗುಂಡು ಹಾರಿದಾಗ ಹಿಂದೆ ಮುಂದೆ ಓಡುವುದು ಬೋಲ್ಟ್ ಮಾತ್ರ. ಬ್ಯಾರೆಲ್ಲಾಗಲಿ, ಗುರಿ ನೋಡುವ ಹಿಂದಿನ ಮುಂದಿನ ಎರಡು ಸೈಟುಗಳಾಗಲಿ ಜಾಗ ಬಿಟ್ಟು ಕದಲುವುದಿಲ್ಲ. ಹಾಗಾಗಿ ಬೋಲ್ಟಿನ ಸಡಿಲದಿಂದ ಗುರಿ ಕೆಡುವುದಿಲ್ಲ, ಸೈಟಿನ ಸಡಿಲದಿಂದ ಕೆಡುತ್ತದೆ. ಎರಡು ಸೈಟುಗಳ ನಡುವೆ 220 ಮಿಮೀ ಅಂತರವಿದ್ದು ಹಿಂದಿನದು ಕೂದಲೆಳೆಯಷ್ಟು, ಅಂದರೆ 0.1 ಮಿಮೀ, ಸರಿದರೆ 25 ಮೀಟರ್ ದೂರದ ಕಾಗದದ ಮೇಲೆ ಏಟು 11 ಮಿಮೀ ಪಕ್ಕಕ್ಕೆ ಹೋಗುತ್ತದೆ. ಹಿಂದಿನ ಸೈಟಿನ ಪಟ್ಟಿಯನ್ನು ಹೆಬ್ಬೆರಳಿನಿಂದ ಎಡಕ್ಕೂ ಬಲಕ್ಕೂ ಒತ್ತಿ ನೋಡಿ. ಬಕ್ ಮಾರ್ಕ್‌ನಲ್ಲಿ ಸೈಟು ಕೂತಿರುವ ಮೇಲಿನ ಪಟ್ಟಿಯ ಸ್ಕ್ರೂಗಳು ಸಡಿಲವಾಗುವುದುಂಟು. ವಿಕ್ಟರಿಯಲ್ಲಿ ಬ್ಯಾರೆಲ್ ಹಿಡಿದಿರುವ ಸ್ಕ್ರೂ ಬಿಗಿಯಾಗಿದೆಯೇ ನೋಡಿ. ಸ್ಕ್ರೂ ಬಿಗಿ ಮಾಡಿದರೆ ಸರಿಹೋಗುವ ದೋಷವಾದರೆ ಅದು ಚೌಕಾಸಿಗೆ ಒಳ್ಳೆಯ ಕಾರಣ, ಬಿಟ್ಟುಬರಲು ಅಲ್ಲ.

ಬ್ಯಾರೆಲ್ಲಿನ ತುದಿಗೆ ಟಾರ್ಚ್ ಹಿಡಿದು, ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಒಳಗಿಂದ ಹೊರಕ್ಕೆ ಸುತ್ತಲೂ ಎಳೆಯಿರಿ. ಹತ್ತಿಯ ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಗಾಯವಿದೆ. ಗುಂಡು ಬ್ಯಾರೆಲ್ ಬಿಡುವ ಕಡೆಯ ಜಾಗ ಅದು. ಅಲ್ಲಿ ಒಂದು ಕಡೆ ಪೆಟ್ಟಾಗಿದ್ದರೆ ಏಟುಗಳು ಚದುರುತ್ತವೆ. ಒಳಗೆ ಕಪ್ಪು ಮಸಿ ಕಂಡರೆ ಹೆದರಬೇಡಿ. .22ರ ಸೀಸದ ಗುಂಡು ಬ್ಯಾರೆಲ್ಲನ್ನು ಬಹಳ ನಿಧಾನವಾಗಿ ಸವೆಸುತ್ತದೆ, ಮಸಿ ಬ್ರಶ್ಶಿಗೆ ಹೋಗುತ್ತದೆ. ತುಕ್ಕು ತಿಂದ ಗುಳಿ ಹೋಗುವುದಿಲ್ಲ.

ಹಳೆಯ ಪಿಸ್ತೂಲಿನಲ್ಲಿ ಇನ್ನೂ ಮುಖ್ಯವಾದದ್ದು ಚೇಂಬರ್ ಬಾಯಿಯ ಅಂಚು. ಈ ತೋಟಾದಲ್ಲಿ ಸಿಡಿಮದ್ದು ಇರುವುದು ಹಿಂಬದಿಯ ಅಂಚಿನೊಳಗೆ, ಆದ್ದರಿಂದ ಫೈರಿಂಗ್ ಪಿನ್ ಹೊಡೆಯುವುದೂ ಅಂಚಿಗೇ. ತೋಟಾ ಇಲ್ಲದೆ ಟ್ರಿಗರ್ ಒತ್ತಿದಾಗ ಪಿನ್ ನೇರ ಚೇಂಬರ್‌ಗೆ ಬಡಿದರೆ ಅಲ್ಲಿ ಉಗುರಿನ ಗುರುತಿನಂಥ ತಗ್ಗು ಬೀಳುತ್ತದೆ, ಪಕ್ಕದ ಲೋಹ ಚೇಂಬರ್ ಒಳಕ್ಕೆ ಉಬ್ಬುತ್ತದೆ. ಮುಂದೆ ಖಾಲಿ ಕೇಸ್ (ಗುಂಡು ಹಾರಿದ ಮೇಲೆ ಉಳಿಯುವ ತೋಟಾದ ಲೋಹದ ಕವಚ) ಅಲ್ಲಿ ಸಿಕ್ಕಿಕೊಳ್ಳುತ್ತದೆ. ರೂಗರ್‌ನಲ್ಲಿ ಇದನ್ನು ತಡೆಯಲು ಬೋಲ್ಟಿನೊಳಗೆ ಒಂದು ಸಣ್ಣ ಅಡ್ಡಪಿನ್ ಇದೆ. ಬಿಚ್ಚಿ ಜೋಡಿಸಿದವರು ಅದನ್ನು ಹಾಕಲು ಮರೆತಿದ್ದರೆ ಕೆಲವೇ ದಿನಗಳಲ್ಲಿ ಚೇಂಬರ್ ಹಾಳು. ಬೋಲ್ಟ್ ಬಿಚ್ಚಿ ತೋರಿಸಲು ಕೇಳಿ.

ಟ್ರಿಗರ್ ಅಳೆಯಲು ನೀರಿನ ಬಾಟಲಿಯೇ ಸಾಕು. ನೀರು ಹೆಚ್ಚುಕಡಿಮೆ ಮಾಡಿ ಅಡುಗೆಮನೆಯ ತಕ್ಕಡಿಯಲ್ಲಿ ಸರಿಯಾಗಿ 1000 ಗ್ರಾಂ ಮಾಡಿ, ದಪ್ಪ ತಂತಿಯ ಕೊಕ್ಕೆ ಕಟ್ಟಿ. ಖಾಲಿ ಮ್ಯಾಗಝೀನ್ ಹಾಕಿದ ಖಾಲಿ ಪಿಸ್ತೂಲಿನ ಬೋಲ್ಟ್ ಒಮ್ಮೆ ಎಳೆದುಬಿಟ್ಟು, ಬ್ಯಾರೆಲ್ಲನ್ನು ನೇರ ಮೇಲಕ್ಕೆ ಹಿಡಿದು, ಟ್ರಿಗರ್‌ಗೆ ಕೊಕ್ಕೆ ಸಿಕ್ಕಿಸಿ ಬಾಟಲಿಯನ್ನು ಮೇಜಿನಿಂದ ನಿಧಾನಕ್ಕೆ ಎತ್ತಿ. ಆ ಭಾರಕ್ಕೆ ಟ್ರಿಗರ್ ಬಿಡಬಾರದು, ಅಂದರೆ ಟಕ್ಕೆಂದು ಬೀಳಬಾರದು; ಅಂತರರಾಷ್ಟ್ರೀಯ 25 ಮೀಟರ್ ಸ್ಪರ್ಧೆಗಳಿಗೆ ಕನಿಷ್ಠ ಬೇಕಾದದ್ದೂ ಇಷ್ಟೇ. ಆಮೇಲೆ ನೀರು ಸೇರಿಸುತ್ತಾ ಹತ್ತು ಸಲ ಅಳೆಯಿರಿ. ಪ್ರತಿ ಸಲವೂ 1800 ಗ್ರಾಂಗೇ ಬಿಡುವ ಟ್ರಿಗರ್‌ಗೆ ಬೆರಳು ಹೊಂದಿಕೊಳ್ಳುತ್ತದೆ. ಒಮ್ಮೆ 1100, ಇನ್ನೊಮ್ಮೆ 1700 ಆದರೆ ಒಳಗೆ ಯಾರೋ ಅರದಿಂದ ಕೈಯಾಡಿಸಿದ್ದಾರೆ ಎಂದೇ ಅನುಮಾನಿಸಿ.

ಸುರಕ್ಷತೆಯ ಪರೀಕ್ಷೆ ಎರಡು. ಖಾಲಿ ಮ್ಯಾಗಝೀನ್ ಹಾಕಿಕೊಳ್ಳಿ, ಏಕೆಂದರೆ ರೂಗರ್ ಮಾರ್ಕ್ 3 ಮತ್ತು 4ರಲ್ಲಿ ಅದಿಲ್ಲದೆ ಟ್ರಿಗರ್ ಕೆಲಸ ಮಾಡುವುದಿಲ್ಲ. ಸೇಫ್ಟಿ ಹಾಕಿ ಟ್ರಿಗರ್ ಬಲವಾಗಿ ಒತ್ತಿ, ಬೆರಳು ತೆಗೆದು, ಸೇಫ್ಟಿ ಇಳಿಸಿದಾಗ ಹ್ಯಾಮರ್ (ಫೈರಿಂಗ್ ಪಿನ್ನಿಗೆ ಬಡಿಯುವ ಒಳಗಿನ ಸುತ್ತಿಗೆ) ಬೀಳಬಾರದು. ಎರಡನೆಯದು: ಟ್ರಿಗರ್ ಒತ್ತಿ ಹಿಡಿದೇ ಬೋಲ್ಟ್ ಎಳೆದು ಮುಂದಕ್ಕೆ ಬಿಡಿ, ಆಗಲೂ ಹ್ಯಾಮರ್ ನಿಂತಿರಬೇಕು. ಒಂದರಲ್ಲಿ ಸೋತರೂ ಆ ಪಿಸ್ತೂಲಿಗೆ ತೋಟಾ ಹಾಕಬೇಡಿ. 2017ರ ಜೂನ್ 1ಕ್ಕೆ ಮುಂಚೆ ತಯಾರಾದ ಮಾರ್ಕ್ 4 ಪಿಸ್ತೂಲುಗಳನ್ನು ಸೇಫ್ಟಿಯ ದೋಷಕ್ಕಾಗಿಯೇ ಕಂಪನಿ ವಾಪಸ್ ಕರೆಸಿಕೊಂಡಿತ್ತು. ಸೇಫ್ಟಿ ಅರ್ಧದಲ್ಲಿದ್ದಾಗ ಟ್ರಿಗರ್ ಒತ್ತಿದರೆ, ಆಮೇಲೆ ಸೇಫ್ಟಿ ಇಳಿಸುವಾಗ ಗುಂಡು ಹಾರುವ ಸಾಧ್ಯತೆಯಿತ್ತು. ಆ ಕಾಲದ್ದಾದರೆ ರಿಪೇರಿಯಾಗಿದೆಯೇ ಎಂದು ಸೀರಿಯಲ್ ನಂಬರಿನಿಂದ ಖಚಿತ ಮಾಡಿಕೊಳ್ಳಿ.

ಇನ್ನು ರೇಂಜ್. ಮೂರು ಬ್ರ್ಯಾಂಡಿನ 40 ಗ್ರೇನ್ (ಗುಂಡಿನ ತೂಕ, ಸುಮಾರು 2.6 ಗ್ರಾಂ) ಸ್ಟ್ಯಾಂಡರ್ಡ್ ವೆಲಾಸಿಟಿ (ಸಾಧಾರಣ ವೇಗದ) ತೋಟಾ, ತಲಾ 50 ಒಯ್ಯಿರಿ. ಬ್ರ್ಯಾಂಡ್ ಬದಲಿಸಿದಾಗ ಮೊದಲ ಹತ್ತು ಏಟು ಲೆಕ್ಕಕ್ಕೆ ಬೇಡ, ಹಿಂದಿನ ಗುಂಡಿನ ಮೇಣ ಬ್ಯಾರೆಲ್ಲಿನಲ್ಲಿರುತ್ತದೆ. ಮರಳಿನ ಚೀಲದ ಮೇಲೆ ಕೈಯಿಟ್ಟು 25 ಮೀಟರ್‌ಗೆ ಐದೈದು ಏಟಿನ ನಾಲ್ಕು ಗುಂಪು ಹೊಡೆಯಿರಿ. 25 ಮೀಟರ್ ಪ್ರಿಸಿಷನ್ ಕಾಗದದ ಹತ್ತರ ಉಂಗುರ 50 ಮಿಮೀ ಅಗಲ. ಒಂದು ಬ್ರ್ಯಾಂಡಿನಲ್ಲಾದರೂ ನಾಲ್ಕೂ ಗುಂಪು 40 ಮಿಮೀ ಒಳಗೆ ಬಂದರೆ ಪಿಸ್ತೂಲಿನಿಂದ ಇನ್ನೇನೂ ಕೇಳಬೇಕಿಲ್ಲ. ಒಂದು ಗುಂಪು ಚೆನ್ನಾಗಿ ಬಂದು ಉಳಿದವು ಚದುರಿದರೆ ಆ ಒಂದನ್ನು ನಂಬಬೇಡಿ.

ಕೆಳಗೆ ಬಿದ್ದ ಕೇಸುಗಳನ್ನು ಎತ್ತಿ ಸಾಲಾಗಿ ಜೋಡಿಸಿ ನೋಡಿ. ಎಲ್ಲದರ ಮೇಲೂ ಒಂದೇ ಜಾಗದಲ್ಲಿ ಉದ್ದ ಗೀರಿದ್ದರೆ ಚೇಂಬರ್‌ನಲ್ಲಿ ಉಬ್ಬಿದೆ. ನುರಿತ ಗನ್‌ಸ್ಮಿತ್ (ಬಂದೂಕು ರಿಪೇರಿಯವ) ಸರಿಮಾಡಬಲ್ಲ. ತೋಟಾ ಸಿಡಿಯದಿದ್ದರೆ ಪಿಸ್ತೂಲನ್ನು ಗುರಿಯತ್ತಲೇ ಹಿಡಿದು 30 ಸೆಕೆಂಡು ಕಾದು ತೆಗೆಯಿರಿ. ಅಂಚಿನ ಪೆಟ್ಟು ಆಳವಾಗಿ, ಸ್ಪಷ್ಟವಾಗಿದ್ದರೆ ದೋಷ ತೋಟಾದ್ದು. ಆ ಜಾಗದಲ್ಲಿ ಮದ್ದು ಇರಲಿಲ್ಲ ಅಷ್ಟೆ. ಪೆಟ್ಟು ಮಸುಕಾಗಿದ್ದರೆ ಪಿನ್ ಸವೆದಿದೆ, ಇಲ್ಲವೇ ಅದರ ದಾರಿಯಲ್ಲಿ ಕೊಳೆ ಕಟ್ಟಿದೆ.

ತೋಟಾ ಸರಿಯಾಗಿ ಏರದೆ ಮೂತಿಯ ಸೀಸ ಕೆತ್ತಿಹೋಗಿದ್ದರೆ ಮೊದಲು ಮ್ಯಾಗಝೀನ್ ಮೇಲೆ ಅನುಮಾನ ಪಡಿ. ಎರಡು ಮ್ಯಾಗಝೀನ್ ತೆಗೆದುಕೊಂಡು ಎರಡಕ್ಕೂ ಟೇಪ್ ಅಂಟಿಸಿ 1, 2 ಎಂದು ಬರೆದು ಅದಲುಬದಲು ಮಾಡಿ ಹೊಡೆಯಿರಿ. ತೊಂದರೆ ಒಂದರಲ್ಲೇ ಬಂದರೆ ಪಿಸ್ತೂಲು ಕೊಂಡುಕೊಳ್ಳಿ, ಹೊಸ ಮ್ಯಾಗಝೀನ್ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಲು ಹೇಳಿ.