ಕೊಳಚೆ ನೀರಿಂದ ನೈಟ್ರೋಜನ್ ತೆಗೆಯೋದು: ಗಾಳಿ ಎಲ್ಲಿ ಕೊಡ್ಬೇಕು, ಎಲ್ಲಿ ಕೊಡಬಾರ್ದು

ಟ್ರೀಟ್ ಆಗಿ ಹೊರಗೆ ಬರೋ ನೀರು ತಿಳಿಯಾಗಿದೆ, ವಾಸನೆ ಇಲ್ಲ, ಬಿಓಡಿ (ನೀರಲ್ಲಿ ಕೊಳೆಯೋ ಕಸ ಎಷ್ಟಿದೆ ಅನ್ನೋ ಅಳತೆ) ಕೂಡ ಕಮ್ಮಿ, ಆದ್ರೆ ನೈಟ್ರೋಜನ್ ಇರೋ ಅಮೋನಿಯಾ ಮಾತ್ರ ಲೀಟರಿಗೆ 30 ಮಿಲಿಗ್ರಾಂ ಅಂತ ರಿಪೋರ್ಟ್ ಬರುತ್ತೆ. ಆ ನೀರು ಕೆರೆಗೆ ಹೋದ್ರೆ ಮೀನಿಗೆ ವಿಷ, ಪಾಚಿಗೆ ಗೊಬ್ಬರ. ಇದನ್ನ ತೆಗೆಯೋಕೆ ಬ್ಯಾಕ್ಟೀರಿಯಾನೇ ಸಾಕು, ಆದ್ರೆ ಎರಡು ಬೇರೆ ಬೇರೆ ಗುಂಪು ಬೇಕು, ಒಂದಕ್ಕೆ ಗಾಳಿ ಬೇಕೇ ಬೇಕು, ಇನ್ನೊಂದು ಗಾಳಿ ಇದ್ರೆ ಕೆಲ್ಸ ಮಾಡಲ್ಲ.

ಮೊದಲನೇ ಹಂತ ನೈಟ್ರಿಫಿಕೇಶನ್. ನೈಟ್ರೋಸೊಮೊನಾಸ್ ತರದವು ಅಮೋನಿಯಾನ ನೈಟ್ರೈಟ್ ಮಾಡ್ತವೆ, ನೈಟ್ರೋಸ್ಪೈರಾ ತರದವು ಅದನ್ನ ನೈಟ್ರೇಟ್ ಮಾಡ್ತವೆ. ಗಾಳಿ ಊದೋ ಏರೇಶನ್ ಟ್ಯಾಂಕಲ್ಲಿ ಕರಗಿದ ಆಕ್ಸಿಜನ್ ಲೀಟರಿಗೆ ಸುಮಾರು 2 ಮಿಲಿಗ್ರಾಂ ಇಟ್ಕೊಳಿ. ಇವು ತುಂಬಾ ನಿಧಾನವಾಗಿ ಬೆಳೆಯೋ ಜೀವಿಗಳು, ಚಳಿ ಜಾಸ್ತಿ ಆದಷ್ಟೂ ಇನ್ನೂ ನಿಧಾನ, ಹಾಗಾಗಿ ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿರೋ ಕೆಸರು) ದಪ್ಪ ಆಯ್ತು ಅಂತ ಒಂದೇ ಸಲ ಜಾಸ್ತಿ ಹೊರಗೆ ಹಾಕ್ಬಿಟ್ರೆ ಜೊತೆಗೆ ಇವೂ ಹೋಗ್ತವೆ, ಮತ್ತೆ ಬೆಳೆಯೋಕೆ ವಾರಗಟ್ಟಲೆ ಬೇಕು. ಟ್ಯಾಂಕಲ್ಲಿರೋ ಒಟ್ಟು ಸ್ಲಡ್ಜನ್ನ ದಿನಾ ತೆಗೆಯೋ ಸ್ಲಡ್ಜಿಂದ ಭಾಗಿಸಿ, ಅದೇ ಸ್ಲಡ್ಜ್ ವಯಸ್ಸು. ಅದು 10 ದಿನಕ್ಕಿಂತ ಕೆಳಗೆ ಇಳೀದೇ ಇದ್ರೆ ಒಳ್ಳೇದು, ಚಳಿ ಜಾಗದಲ್ಲಿ ಇನ್ನೂ ಜಾಸ್ತಿ ಬೇಕು.

ಎರಡನೇ ಹಂತ ಡಿನೈಟ್ರಿಫಿಕೇಶನ್. ಆಕ್ಸಿಜನ್ ಇಲ್ಲದ ಅನಾಕ್ಸಿಕ್ ಟ್ಯಾಂಕಲ್ಲಿ ಬ್ಯಾಕ್ಟೀರಿಯಾ ನೈಟ್ರೇಟಲ್ಲಿರೋ ಆಕ್ಸಿಜನ್ನನ್ನೇ ಉಸಿರಾಡ್ತವೆ, ನೈಟ್ರೋಜನ್ ಗ್ಯಾಸಾಗಿ ಗಾಳಿಗೆ ಸೇರುತ್ತೆ. ಬರೀ ಮಿಕ್ಸರ್ ಓಡಿಸಿ, ಗಾಳಿ ಊದೋ ಬ್ಲೋವರ್ ಬೇಡ. ಆದ್ರೆ ಇವಕ್ಕೆ ತಿನ್ನೋಕೆ ಕಾರ್ಬನ್ ಬೇಕು, ಅದು ಹೊಸದಾಗಿ ಒಳಗೆ ಬರೋ ಕೊಳಚೆಯಲ್ಲೇ ಇದೆ, ಏರೇಶನ್ ಆದ್ಮೇಲೆ ಉಳಿಯೋದೇ ಇಲ್ಲ. ಅದಕ್ಕೇ ಅನಾಕ್ಸಿಕ್ ಟ್ಯಾಂಕನ್ನ ಮುಂದೆ ಇಡ್ತಾರೆ, ಏರೇಶನ್ ಟ್ಯಾಂಕ್ ಕೊನೆಯಿಂದ ನೈಟ್ರೇಟ್ ನೀರನ್ನ ಪಂಪ್ ಮಾಡಿ ಹಿಂದಕ್ಕೆ ತರ್ತಾರೆ. ಸ್ಲಡ್ಜ್ ತಳಕ್ಕೆ ಕೂರೋ ಸೆಟ್ಲಿಂಗ್ ಟ್ಯಾಂಕಿಂದ ವಾಪಸ್ ಬರೋ ಸ್ಲಡ್ಜೂ ಸೇರಿ ಒಳಹರಿವಿನ 4 ಪಟ್ಟು ವಾಪಸ್ ಬಂದ್ರೆ ಲೆಕ್ಕದ ಪ್ರಕಾರ 80% ತನಕ ನೈಟ್ರೇಟ್ ತೆಗೀಬಹುದು. ಅದಕ್ಕಿಂತ ಜಾಸ್ತಿ ತಿರುಗಿಸಿದ್ರೆ ಕರೆಂಟ್ ಹೋಗುತ್ತೆ, ಜೊತೆಗೆ ಆಕ್ಸಿಜನ್ನೂ ಹಿಂದಕ್ಕೆ ಬಂದು ಕೆಲ್ಸ ಕೆಡಿಸುತ್ತೆ.

ಈಗ ಎಲ್ರೂ ಮರೆಯೋ ವಿಷಯ, ಆಲ್ಕಲಿನಿಟಿ, ಅಂದ್ರೆ ಆಮ್ಲವನ್ನ ತಡೆದು ಪಿಎಚ್ ಬೀಳದಂತೆ ನೋಡ್ಕೊಳೋ ನೀರಿನ ಶಕ್ತಿ. 1 ಗ್ರಾಂ ಅಮೋನಿಯಾ ನೈಟ್ರೋಜನ್ ನೈಟ್ರೇಟ್ ಆಗೋಕೆ 4.57 ಗ್ರಾಂ ಆಕ್ಸಿಜನ್ ಬೇಕು, 7.14 ಗ್ರಾಂ ಆಲ್ಕಲಿನಿಟಿ (ಕ್ಯಾಲ್ಸಿಯಂ ಕಾರ್ಬೋನೇಟ್ ಲೆಕ್ಕದಲ್ಲಿ) ಖರ್ಚಾಗುತ್ತೆ. ಲೀಟರಿಗೆ ಅಮೋನಿಯಾ ನೈಟ್ರೋಜನ್ 40 ಮಿಲಿಗ್ರಾಂ ಇದ್ರೆ ಆಲ್ಕಲಿನಿಟಿ ಖರ್ಚು 286 ಮಿಲಿಗ್ರಾಂ. ಒಳಗೆ ಬರೋ ನೀರಲ್ಲಿ ಇರೋದೇ 250 ಅಂದ್ಕೊಳಿ, ಮುಗೀತು, ಪಿಎಚ್ ದಬ್ಬಂತ ಬಿದ್ದು ನೈಟ್ರಿಫಿಕೇಶನ್ ಅರ್ಧಕ್ಕೇ ನಿಲ್ಲುತ್ತೆ, ಆಮೇಲೆ ಎಷ್ಟು ಗಾಳಿ ಊದಿದ್ರೂ ಅಮೋನಿಯಾ ಇಳಿಯಲ್ಲ. ಆದ್ರೆ ಡಿನೈಟ್ರಿಫಿಕೇಶನ್ ಆದ ಪ್ರತಿ ಗ್ರಾಂ ನೈಟ್ರೇಟ್ ನೈಟ್ರೋಜನ್‌ಗೆ 3.57 ಗ್ರಾಂ ವಾಪಸ್ ಸಿಗುತ್ತೆ, 80% ಆಯ್ತು ಅಂದ್ರೆ ಸುಮಾರು 114, ಕೊನೆಗೆ 78ರಷ್ಟು ಉಳಿಯುತ್ತೆ, ಪಿಎಚ್ ಬೀಳದೆ ನಿಲ್ಲುತ್ತೆ. ಎರಡನೇ ಹಂತ ನೆಟ್ಟಗಿದ್ರೆ ಅದೇ ಮೊದಲನೇ ಹಂತವನ್ನ ಕಾಪಾಡುತ್ತೆ, ನಂಗೆ ಈ ಪ್ರಕ್ರಿಯೆಯಲ್ಲಿ ಅತಿ ಇಷ್ಟ ಆಗೋದೇ ಇದು. ಆದ್ರೂ ಸಾಲದೇ ಇದ್ರೆ ಸುಣ್ಣ ಅಥವಾ ಸೋಡಾ ಹಾಕಿ. ಕಾರ್ಬನ್ ಸಾಲದಿದ್ರೆ ಮೆಥನಾಲ್ ಹಾಕ್ತಾರೆ, ಅದಕ್ಕೆ ಬೆಂಕಿ ಬೇಗ ಹತ್ತುತ್ತೆ, ಹುಷಾರು.

ಇನ್ನು ಕಾರ್ಬನ್ನೇ ಬೇಡದೆ, ಬ್ಯಾಕ್ಟೀರಿಯಾ ಅಮೋನಿಯಾ, ನೈಟ್ರೈಟ್ ಎರಡನ್ನೂ ಸೇರಿಸಿ ನೇರವಾಗಿ ನೈಟ್ರೋಜನ್ ಗ್ಯಾಸ್ ಮಾಡೋ ಅನಾಮಾಕ್ಸ್ ಅನ್ನೋ ದಾರಿನೂ ಇದೆ, 2002ರಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮಲ್ಲಿ ಮೊದಲ ದೊಡ್ಡ ರಿಯಾಕ್ಟರ್ ಶುರುವಾಯ್ತು, ಆದ್ರೆ ಅದು ಹೆಚ್ಚಾಗಿ ಬಿಸಿ ಇರೋ, ಅಮೋನಿಯಾ ಗಟ್ಟಿಯಾಗಿರೋ ನೀರಿಗೆ ಸರಿ.

ದಿನಾ ಅಮೋನಿಯಾ, ನೈಟ್ರೇಟ್ ಎರಡನ್ನೂ ಟೆಸ್ಟ್ ಮಾಡಿ. ಅಮೋನಿಯಾ ಜಾಸ್ತಿ ಇದ್ರೆ ಗಾಳಿ, ಸ್ಲಡ್ಜ್ ವಯಸ್ಸು, ಆಲ್ಕಲಿನಿಟಿ ನೋಡಿ. ನೈಟ್ರೇಟ್ ಜಾಸ್ತಿ ಇದ್ರೆ ಬ್ಲೋವರ್ ಮುಟ್ಬೇಡಿ, ರೀಸೈಕಲ್ ಪಂಪು, ಕಾರ್ಬನ್ ನೋಡಿ. ಸೆಟ್ಲಿಂಗ್ ಟ್ಯಾಂಕಲ್ಲಿ ಗುಳ್ಳೆ ಸಮೇತ ಸ್ಲಡ್ಜ್ ಗಡ್ಡೆ ಗಡ್ಡೆಯಾಗಿ ಮೇಲೆ ಬರ್ತಿದ್ರೆ ಡಿನೈಟ್ರಿಫಿಕೇಶನ್ ತಪ್ಪು ಜಾಗದಲ್ಲಿ ನಡೀತಿದೆ, ತಳದ ಸ್ಲಡ್ಜನ್ನ ಬೇಗ ಬೇಗ ಎಳೀರಿ.