ಸೀಸನ್ ಮಧ್ಯದಲ್ಲಿ ಕೋಚ್ ಬದಲಾದ್ರೆ ಉಳಿದ ಮ್ಯಾಚ್‌ಗಳನ್ನ ನೋಡೋದು ಹೇಗೆ

ನಾನು ಫುಟ್‌ಬಾಲ್ ಟೀಮ್ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಫ್ಯಾನ್, ಹಾಗಾಗಿ ಹೇಳೋದೆಲ್ಲ ಆ ಅನುಭವದಿಂದಾನೇ. 2023 ಡಿಸೆಂಬರ್ 8, ನಮ್ಮ ಕಂಠೀರವ ಸ್ಟೇಡಿಯಂ, ಮುಂಬೈ ಸಿಟಿ ವಿರುದ್ಧ 0-4 ಸೋಲು. ನನ್ನ ಮುಂದಿನ ಸಾಲಲ್ಲಿ ಒಂದು ಪುಟ್ಟ ಹುಡುಗಿ, ಎಂಟು ವರ್ಷ ಇರ್ಬೋದು, ನಾಲ್ಕನೇ ಗೋಲ್ ಆದಾಗ ಕುತ್ತಿಗೆಲಿದ್ದ ನೀಲಿ ಸ್ಕಾರ್ಫ್ ತೆಗೆದು ನೀಟಾಗಿ ಮಡಚಿ ಅಪ್ಪನ ಬ್ಯಾಗಿಗೆ ಹಾಕಿದ್ಲು. ಅಳ್ಲಿಲ್ಲ, ಮನೆಗೆ ಹೋಗೋಣ ಅಂತಾನೂ ಅನ್ಲಿಲ್ಲ, ವಿಶಲ್ ಊದೋ ತನಕ ಕೂತಿದ್ಲು. ಅದನ್ನ ನೋಡಿ ನಂಗೆ ಸ್ಕೋರ್‌ಗಿಂತ ಜಾಸ್ತಿ ಹೊಟ್ಟೆ ಉರೀತು. ಮಾರನೇ ದಿನ ಕೋಚ್ ಸೈಮನ್ ಗ್ರೇಸನ್ ಅವ್ರನ್ನ ಬಿಡುಗಡೆ ಮಾಡಿದ ಸುದ್ದಿ ಬಂತು, ಒಂಬತ್ತು ಮ್ಯಾಚಲ್ಲಿ ಗೆದ್ದಿದ್ದು ಒಂದೇ ಒಂದು.

ಇಂಥ ಟೈಮಲ್ಲಿ ಮೊದಲನೇ ಕೆಲಸ, ಎರಡು ದಿನ ಏನೂ ಟೈಪ್ ಮಾಡ್ಬೇಡಿ. ಆಮೇಲೆ ಒಂದು ಹಾಳೆ ತಗೊಂಡು ಮಧ್ಯ ಗೆರೆ ಎಳೀರಿ, ಎಡಗಡೆ ಕೋಚ್ ಕೈಲಿ ಇದ್ದಿದ್ದು ಬರೀರಿ, ಬಲಗಡೆ ಅವ್ರ ಕೈ ಮೀರಿದ್ದು. ಆ ವರ್ಷದ್ದೇ ತಗೊಳ್ಳಿ. ಸೀಸನ್ ಶುರುವಾಗೋ ಮುಂಚೆನೇ ರಾಯ್ ಕೃಷ್ಣ ಒಡಿಶಾಗೆ ಹೋದ್ರು, ಸಂದೇಶ್ ಜಿಂಗಾನ್, ಉದಾಂತ ಸಿಂಗ್ ಇಬ್ರೂ ಗೋವಾಗೆ ಹೋದ್ರು, ಸೆಪ್ಟೆಂಬರ್ 21ಕ್ಕೆ ಕೊಚ್ಚಿಲಿ ಕೇರಳ ಬ್ಲಾಸ್ಟರ್ಸ್ ಜೊತೆ ಮೊದಲ ಮ್ಯಾಚ್ 1-2 ಸೋತಾಗ ನಮ್ಮ ಮುಖ್ಯ ಆಟಗಾರ ಸುನಿಲ್ ಛೆಟ್ರಿ ಏಷ್ಯನ್ ಗೇಮ್ಸ್‌ಗೆ ಅಂತ ಹಾಂಗ್‌ಝೌನಲ್ಲಿದ್ರು. ಇದೆಲ್ಲ ಬಲಗಡೆಗೆ. ಮನೆ ಅಂಗಳದಲ್ಲೇ ನಾಲ್ಕು ಗೋಲ್ ಬಿಟ್ಕೊಟ್ಟಿದ್ದು, ಒಂದು ಗೋಲ್ ಬಿದ್ಮೇಲೆ ಟೀಮ್ ಎದ್ದು ನಿಲ್ಲದೇ ಹೋಗಿದ್ದು, ಅದು ಎಡಗಡೆಗೆ. ಹೀಗೆ ಬರೆದ್ಮೇಲೆ ಯಾರನ್ನ ಎಷ್ಟು ಬಯ್ಬೇಕು ಅನ್ನೋದು ಗೊತ್ತಾಗತ್ತೆ, ಹೊಸ ಕೋಚ್ ಏನನ್ನ ಸರಿ ಮಾಡ್ಬೋದು ಅನ್ನೋದೂ ಗೊತ್ತಾಗತ್ತೆ, ಯಾಕಂದ್ರೆ ಬಲಗಡೆ ಬರೆದಿದ್ದು ಯಾರು ಬಂದ್ರೂ ತಕ್ಷಣ ಹೋಗಲ್ಲ.

ಕೋಚ್ ತೆಗೆದಿದ್ದು ಸರಿನಾ ತಪ್ಪಾ ಅನ್ನೋ ಜಗಳಕ್ಕೆ ಇಳಿಯೋ ಮುಂಚೆ ಹಿಂದಿನ ಸೀಸನ್ ನೆನಪು ಮಾಡ್ಕೊಳ್ಳಿ. 2022-23ರಲ್ಲೂ ಇದೇ ಗ್ರೇಸನ್, ಮೊದಲರ್ಧ ನೋಡೋಕಾಗ್ತಿರ್ಲಿಲ್ಲ, ಆದ್ರೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಲೀಗ್ ಹಂತದ ಕೊನೇ ಎಂಟು ಮ್ಯಾಚ್ ಸಾಲಾಗಿ ಗೆದ್ದು 34 ಪಾಯಿಂಟಿಗೆ ನಾಲ್ಕನೇ ಸ್ಥಾನ, ಆಮೇಲೆ ಫೈನಲ್ ತನಕ ಹೋಗಿ ಪೆನಾಲ್ಟಿಯಲ್ಲಿ ಸೋತಿದ್ದು. ಕಾದಿದ್ದಕ್ಕೆ ಸಿಕ್ಕಿದ ಫಲ ಅದು. ಹಾಗಾದ್ರೆ ಯಾವಾಗ ಕಾಯ್ಬೇಕು? ನಾನು ನೋಡೋದು ಇಷ್ಟೇ, ಸೋಲ್ತಿದ್ರೂ ಗೋಲ್ ಮುಂದೆ ಚಾನ್ಸ್ ಹುಟ್ತಿದ್ಯಾ, ಎರಡನೇ ಹಾಫಲ್ಲಿ ಓಟ ಇದ್ಯಾ. ಇದ್ರೆ ಕಾಯಿರಿ. 2023ರಲ್ಲಿ ಅದು ಕಾಣಿಸ್ಲಿಲ್ಲ, ಬದಲಾವಣೆ ಸರಿ ಅಂತಾನೇ ನನ್ನ ಅಭಿಪ್ರಾಯ. ಆದ್ರೆ 2019ರಲ್ಲಿ ನಮ್ಗೆ ಐಎಸ್‌ಎಲ್ ಕಪ್ ಗೆದ್ದುಕೊಟ್ಟ ಕಾರ್ಲ್ಸ್ ಕ್ವಾಡ್ರಾತ್ ಅವ್ರನ್ನ 2021 ಜನವರಿಲಿ ಮೂರು ಸೋಲಾದ ಕೂಡ್ಲೆ ಕಳಿಸಿದ್ದು ನಂಗೆ ಇವತ್ತಿಗೂ ಒಪ್ಪಿಗೆ ಇಲ್ಲ, ಆ ವರ್ಷ ಏಳನೇ ಸ್ಥಾನಕ್ಕೆ ನಿಂತ್ವಿ.

ಲೆಕ್ಕನೂ ಹಾಕ್ಕೊಳ್ಳಿ. ಆ ಸೀಸನ್‌ಗಳಲ್ಲಿ ಪ್ಲೇಆಫ್‌ಗೆ, ಅಂದ್ರೆ ಕಪ್ ಯಾರಿಗೆ ಅಂತ ತೀರ್ಮಾನ ಆಗೋ ನಾಕೌಟ್ ಹಂತಕ್ಕೆ, ಮೊದಲ ಆರು ಟೀಮ್ ಹೋಗ್ತಿದ್ವು. ಆರನೇ ಟೀಮಿಗೆ 2022-23ರಲ್ಲಿ 20 ಮ್ಯಾಚಿಗೆ 30 ಪಾಯಿಂಟ್ ಇತ್ತು, 2023-24ರಲ್ಲಿ 22 ಮ್ಯಾಚಿಗೆ 27. ಅಂದ್ರೆ ಮ್ಯಾಚಿಗೆ ಒಂದೂಕಾಲು, ಒಂದೂವರೆ ಪಾಯಿಂಟ್. ಉಳಿದ ಮ್ಯಾಚ್ ಎಷ್ಟು, ಬೇಕಾದ ಪಾಯಿಂಟ್ ಎಷ್ಟು ಅಂತ ಭಾಗಿಸಿ ನೋಡಿ, ಮ್ಯಾಚಿಗೆ ಎರಡಕ್ಕಿಂತ ಜಾಸ್ತಿ ಬೇಕು ಅಂತ ಬಂದ್ರೆ ಆಸೆ ಸ್ವಲ್ಪ ಕಮ್ಮಿ ಮಾಡ್ಕೊಂಡು ಆಟ ನೋಡೋದು ಮನಸ್ಸಿಗೆ ಒಳ್ಳೇದು. ನಾವು 2023-24ರಲ್ಲಿ 22 ಪಾಯಿಂಟಿಗೆ ಹತ್ತನೇ ಸ್ಥಾನ.

ಈಗ ಹೊಸ ಕೋಚ್ ವಿಷಯ. ಬಂದೋರು ಜೆರಾರ್ಡ್ ಝರಗೋಝಾ, 2018-19ರ ಕಪ್ ಗೆದ್ದ ಟೀಮಲ್ಲಿ ಅಸಿಸ್ಟೆಂಟ್ ಕೋಚ್ ಆಗಿದ್ದೋರು. ಸೀಸನ್ ಮಧ್ಯ ಬಂದೋರಿಗೆ ಆಟಗಾರರು ಹಳೇ ಕೋಚ್ ಆರಿಸಿದ್ದು, ಫಿಟ್ನೆಸ್ ಹಳೇ ಕೋಚ್ ಮಾಡ್ಸಿದ್ದು, ಇನ್ನೊಬ್ರು ಹೊತ್ತಿಸಿದ ಒಲೆ ಮೇಲೆ ಅಡುಗೆ ಮಾಡ್ದಂಗೆ. ಅದಕ್ಕೆ ಅವ್ರನ್ನ ರಿಸಲ್ಟಿಂದ ಅಳೀಬೇಡಿ, ಈ ತರ ನೋಡಿ. ಸ್ಟೇಡಿಯಂಗೆ ಹೋದ್ರೆ ಮೇಲಿನ ಸಾಲಲ್ಲಿ ಕೂರಿ, ಕಂಠೀರವದಲ್ಲಿ ಸುತ್ತ ರನ್ನಿಂಗ್ ಟ್ರ್ಯಾಕ್ ಇರೋದ್ರಿಂದ ಕೆಳಗೆ ಕೂತ್ರೆ ಆಟದ ಆಕಾರ ಕಾಣಲ್ಲ. ಪ್ರತಿ ಹಾಫಲ್ಲಿ ಐದು ನಿಮಿಷ ಬಾಲ್ ಬಿಟ್ಟು ಬರೀ ಡಿಫೆಂಡರ್ಸ್ ನಾಲ್ಕು ಜನರನ್ನ ನೋಡಿ: ಒಬ್ಬ ಮುಂದೆ ಹೋದ್ರೆ ಪಕ್ಕದೋನು ಜಾಗ ತುಂಬ್ತಾನಾ, ಗೋಲ್‌ಕೀಪರ್ ಗುರ್‌ಪ್ರೀತ್ ಕೈಲಿ ಬಾಲ್ ಇದ್ದಾಗ ಪಾಸ್ ಕೇಳೋಕೆ ಯಾರು ಬರ್ತಾರೆ, ಬಾಲ್ ಕಳ್ಕೊಂಡ ತಕ್ಷಣ ಹತ್ತಿರ ಇರೋನು ಹಿಂದೆ ಓಡ್ತಾನಾ ಇಲ್ಲಾ ಕೈ ಎತ್ತಿ ನಿಲ್ತಾನಾ. ಮೊಬೈಲಲ್ಲಿ ಎರಡು ಸಾಲು ನೋಟ್ ಮಾಡಿ. ನಾಲ್ಕೈದು ಮ್ಯಾಚ್ ಆದ್ಮೇಲೆ ಓದಿದ್ರೆ ಏನಾದ್ರೂ ಬದಲಾಗಿದ್ಯಾ ಅಂತ ನಿಮ್ಗೇ ಕಾಣತ್ತೆ, ಟಿವಿ ಪಂಡಿತರು ಹೇಳೋ ತನಕ ಕಾಯ್ಬೇಕಿಲ್ಲ.

ತೀರ್ಪು ಕೊಡೋದಾದ್ರೆ ಅವ್ರದ್ದೇ ಪ್ರೀ-ಸೀಸನ್ ಆದ್ಮೇಲೆ, ಅವ್ರಿಗೆ ಬೇಕಾದ ಆಟಗಾರರು ಬಂದ್ಮೇಲೆ ಕೊಡಿ. ನಮ್ಗೆ 2024ರ ಬೇಸಿಗೆ ಕಳೆದು ನೊಗುಯೆರಾ, ಪೆರೇರಾ ಡಿಯಾಝ್ ಬಂದ್ರು, ರಾಹುಲ್ ಭೆಕೆ ವಾಪಸ್ ಬಂದ್ರು. ಸೆಪ್ಟೆಂಬರ್ 14ಕ್ಕೆ ಈಸ್ಟ್ ಬೆಂಗಾಲ್ ವಿರುದ್ಧ ನಮ್ಮ ಯೂತ್ ಟೀಮಿಂದ ಬೆಳೆದ ವಿನಿತ್ ವೆಂಕಟೇಶ್ ಹೊಡೆದ ಗೋಲಿಂದ 1-0. ಅಲ್ಲಿಂದ ಮೊದಲ ಐದು ಮ್ಯಾಚ್ ಒಂದೂ ಗೋಲ್ ಬಿಟ್ಕೊಡ್ಲಿಲ್ಲ, ಪ್ಲೇಆಫಲ್ಲಿ ಅದೇ ಮುಂಬೈ ವಿರುದ್ಧ ಅದೇ ಕಂಠೀರವದಲ್ಲಿ 5-0 ಗೆದ್ವಿ. ಆ ರಾತ್ರಿ ಕಬ್ಬನ್ ಪಾರ್ಕ್ ಮೆಟ್ರೋ ಕಡೆ ನಡೀತಾ ನಾನು 2023 ಡಿಸೆಂಬರ್‌ನ ನೋಟ್ ತೆಗೆದು ಓದ್ದೆ. "ಎಡಗಡೆ ಜಾಗ ಯಾರೂ ತುಂಬಲ್ಲ" ಅಂತ ಬರ್ದಿದ್ದೆ. ಸುತ್ತ ಎಲ್ಲ ನೀಲಿ ಸ್ಕಾರ್ಫು, ಆ ಹುಡುಗಿನೂ ಇದ್ದಾಳೇನೋ ಅಂತ ಸ್ವಲ್ಪ ಹೊತ್ತು ಹುಡುಕ್ದೆ.