ಪೆಟ್ಟಿಗೆ ಮೇಲಿನ ನಂಬರ್ ನಂಬಬೇಡಿ: ಮ್ಯಾನುಯಲ್ ಫ್ಲ್ಯಾಶ್ ಲೆಕ್ಕ

ಶಿರಸಿಯ ಬೇಡರ ವೇಷ ಎರಡು ವರ್ಷಕ್ಕೊಮ್ಮೆ, ಹೋಳಿ ಹತ್ತಿರದ ರಾತ್ರಿಗಳಲ್ಲಿ. ಬೆನ್ನಿಗೆ ನವಿಲುಗರಿ ಕಟ್ಟಿದ ಬೇಡ ತಮಟೆಗೆ ಕುಣಿಯುತ್ತ ಬಂದರೆ ಜನರ ನಡುವೆ ಫ್ಲ್ಯಾಶುಗಳು ಮಿಂಚುತ್ತವೆ. ಮರುದಿನ ಫೋಟೊ ನೋಡಿ: ಕೆಲವದರಲ್ಲಿ ಮುಖ ಸುಣ್ಣ ಬಳಿದ ಗೋಡೆ, ಉಳಿದದ್ದು ಬರೀ ಕತ್ತಲೆ. ಬೈಗುಳ ಫ್ಲ್ಯಾಶಿಗೆ ಬೀಳುತ್ತದೆ. ತಪ್ಪಿದ್ದು ಲೆಕ್ಕ.

ಮೊದಲು ಕ್ಯಾಮೆರಾ, ಫ್ಲ್ಯಾಶ್ ಎರಡನ್ನೂ ಮ್ಯಾನುಯಲ್‌ಗೆ ತನ್ನಿ. ಶಟರ್ 1/125 ಇಡಿ. ಶಟರ್ ಬದಲಿಸಿದರೆ ಹಿಂದಿನ ಬೀದಿದೀಪದ ಬೆಳಕು ಹೆಚ್ಚು ಕಡಿಮೆ ಆಗುತ್ತದೆ, ಫ್ಲ್ಯಾಶಿನದು ಆಗುವುದಿಲ್ಲ. ಹೆಚ್ಚಿನ ಕ್ಯಾಮೆರಾಗಳಲ್ಲಿ 1/200 ಅಥವಾ 1/250 ದಾಟಬೇಡಿ, ಚಿತ್ರದಲ್ಲಿ ಕಪ್ಪು ಪಟ್ಟಿ ಬರುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ, ಗೈಡ್ ನಂಬರ್, ಅಂದರೆ ಫ್ಲ್ಯಾಶಿನ ಬಲ ಹೇಳುವ ಅಂಕಿ. ಸೂತ್ರ ಸುಲಭ. ಗೈಡ್ ನಂಬರನ್ನು ದೂರದಿಂದ ಭಾಗಿಸಿದರೆ ಅಪರ್ಚರ್, ಅಂದರೆ ಲೆನ್ಸ್ ಕಿಂಡಿಯ ಅಳತೆ ಸಿಗುತ್ತದೆ. ಎಫ್ ನಂಬರ್ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. 40ರ ಫ್ಲ್ಯಾಶ್, 5 ಮೀಟರ್ ದೂರ ಅಂದರೆ ಎಫ್ 8. ಆದರೆ ಪೆಟ್ಟಿಗೆ ಮೇಲೆ 60 ಅಂತ ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರಲ್ಲ, ಅದು ಫ್ಲ್ಯಾಶಿನ ತಲೆಯನ್ನು ಪೂರ್ತಿ ಝೂಮ್ ಮಾಡಿ, ಬೆಳಕನ್ನು ಕಿರಿದು ಮಾಡಿದಾಗಿನ ಲೆಕ್ಕ. ಬೆಳಕು ಅಗಲವಾಗಿ ಹರಡುವ 35 ಎಂಎಂ ಝೂಮಿಗೆ ತಂದರೆ ಅದು ತುಂಬ ಇಳಿಯುತ್ತದೆ. ಕೆಲವರು ಅಡಿಯಲ್ಲಿ ಬರೆದ ನಂಬರನ್ನು ಮೀಟರ್ ಅಂದುಕೊಂಡು ಮೂರು ಪಟ್ಟು ಮೋಸ ಹೋಗುತ್ತಾರೆ.

ಹಾಗಾಗಿ ನಿಮ್ಮ ನಂಬರ್ ನೀವೇ ಕಂಡುಕೊಳ್ಳಿ. ರಾತ್ರಿ ಅಂಗಳದಲ್ಲಿ ಮನೆಯವರೊಬ್ಬರನ್ನು ನಿಲ್ಲಿಸಿ. ಟೇಪ್ ಹಿಡಿದು ಸರಿಯಾಗಿ 3 ಮೀಟರ್ ಅಳೆಯಿರಿ, ಅಂದಾಜು ಬೇಡ. ಅಳೆಯಬೇಕಾದ್ದು ಫ್ಲ್ಯಾಶಿನಿಂದ ಮುಖದವರೆಗೆ. ಫ್ಲ್ಯಾಶ್ ಸ್ಟ್ಯಾಂಡಿನ ಮೇಲಿದ್ದರೆ ನೀವು ಎಲ್ಲಿ ನಿಂತಿದ್ದೀರಿ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಐಎಸ್‌ಓ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 100, ಫುಲ್ ಪವರ್, ತಲೆ 35 ಎಂಎಂ. ಎಫ್ 5.6, 8, 11, 16, ಹೀಗೆ ನಾಲ್ಕು ಫೋಟೊ ತೆಗೆಯಿರಿ. ರೆಡಿ ದೀಪ ಹತ್ತಿದ ಕೂಡಲೇ ಒತ್ತಬೇಡಿ, ಆಗಿನ್ನೂ ಪೂರ್ತಿ ಚಾರ್ಜ್ ಆಗಿರುವುದಿಲ್ಲ. ಎರಡು ಮೂರು ಸೆಕೆಂಡ್ ತಡೆಯಿರಿ. ಎಫ್ 11 ಚೆನ್ನಾಗಿದ್ದರೆ 11 ಗುಣಿಲೆ 3, ನಿಮ್ಮ ನಂಬರ್ 33. ಟೇಪಿನ ತುಂಡಿನ ಮೇಲೆ ಬರೆದು ಫ್ಲ್ಯಾಶಿನ ಬೆನ್ನಿಗೆ ಅಂಟಿಸಿ. ಅಂಗಳದಲ್ಲೇ ಯಾಕೆ? ಒಳಗೆ ಸುಣ್ಣದ ಗೋಡೆ ಬೆಳಕು ಹಿಂದಿರುಗಿಸಿ ನಂಬರನ್ನು ಉಬ್ಬಿಸುತ್ತದೆ.

ಇನ್ನು ಬೀದಿಗೆ ಬನ್ನಿ. ಐಎಸ್‌ಓ 400 ಮಾಡಿದರೆ ನಂಬರ್ ದುಪ್ಪಟ್ಟು, 66. ಬೇಡ 4 ಮೀಟರ್ ದೂರದಲ್ಲಿದ್ದರೆ ಎಫ್ 16. ಅಷ್ಟು ಬೇಡ ಅಲ್ವಾ? ಪವರ್ ಅರ್ಧ ಮಾಡಿದ ಹಾಗೆಲ್ಲ ಅಪರ್ಚರ್ ಒಂದು ಮೆಟ್ಟಿಲು ತೆರೆಯಿರಿ. ಅರ್ಧಕ್ಕೆ 11, ಕಾಲಿಗೆ 8, ಎಂಟನೇ ಒಂದಕ್ಕೆ 5.6. ನಾನು ಇಲ್ಲೇ ನಿಲ್ಲುತ್ತೇನೆ. ಬ್ಯಾಟರಿ ಉಳಿಯುತ್ತದೆ, ಫ್ಲ್ಯಾಶ್ ಬೇಗ ತಯಾರಾಗುತ್ತದೆ.

ಬೇಡ ಒಂದೇ ಕಡೆ ನಿಲ್ಲುವವನಲ್ಲ. ಅದಕ್ಕೆ ಒಂದು ಉಪಾಯ. 2, 2.8, 4, 5.6, 8 ಅನ್ನುವ ಅಪರ್ಚರ್ ಸಾಲನ್ನೇ ಮೀಟರ್ ಅಂತ ಓದಿ. ಅವನು 4ರಿಂದ 2.8 ಮೀಟರಿಗೆ ಬಂದರೆ ಒಂದು ಮೆಟ್ಟಿಲು ಮುಚ್ಚಿ, 2ಕ್ಕೆ ಬಂದರೆ ಎರಡು. ವರ್ಗಮೂಲ, ಕ್ಯಾಲ್ಕುಲೇಟರ್ ಏನೂ ಬೇಡ. ನನ್ನ ನಾಲ್ಕು ಹೆಜ್ಜೆ 3 ಮೀಟರ್. ನಿಮ್ಮದು ಅಳೆದಿಟ್ಟುಕೊಳ್ಳಿ.

ಫ್ಲ್ಯಾಶಿಗೆ ಸಿಕ್ಕಿಸುವ ಬಿಳಿ ಪ್ಲಾಸ್ಟಿಕ್ ಟೋಪಿಯನ್ನು ಬಯಲಲ್ಲಿ ತೆಗೆದು ಚೀಲಕ್ಕೆ ಹಾಕಿ. ಅರ್ಧ ಬೆಳಕು ಸುಮ್ನೆ ಆಕಾಶಕ್ಕೆ ಹೋಗುತ್ತದೆ.

ನಮ್ಮ ಕಡೆಯ ಹಳೇ ಮನೆಗಳ ಮದುವೆಯಲ್ಲಿ ಇನ್ನೊಂದು ಫಜೀತಿ. ಛಾವಣಿಗೆ ಫ್ಲ್ಯಾಶ್ ಹೊಡೆದು ಮೃದು ಬೆಳಕು ಪಡೆಯಿರಿ ಅಂತ ಎಲ್ಲರೂ ಕಲಿತಿರುತ್ತಾರೆ. ಆದರೆ ಜಗುಲಿಯ ಮೇಲಿರುವುದು ಹೊಗೆ ಹಿಡಿದ ಮರದ ಮುಚ್ಚಿಗೆ. ಅದು ಬೆಳಕನ್ನು ನುಂಗುತ್ತದೆ, ಉಳಿದಿದ್ದನ್ನು ಕಂದು ಮಾಡಿ ಕಳಿಸುತ್ತದೆ. ಮದುಮಗಳಿಗೆ ಕಾಮಾಲೆ ಬಂದ ಹಾಗೆ. ಒಬ್ಬ ಹುಡುಗನ ಕೈಗೆ ಬಿಳಿ ಪಂಚೆ ಕೊಟ್ಟು ಅಗಲಿಸಿ ಹಿಡಿಯಲು ಹೇಳಿ, ಅದಕ್ಕೆ ಹೊಡೆಯಿರಿ. ಫ್ಲ್ಯಾಶಿನಿಂದ ಪಂಚೆ, ಪಂಚೆಯಿಂದ ಮುಖ, ಎರಡೂ ದೂರ ಕೂಡಿಸಿ ಭಾಗಿಸಿ. ಆಮೇಲೆ ಎರಡು ಮೆಟ್ಟಿಲು ತೆರೆಯಿರಿ. ಮದುವೆ ಮನೆಯಲ್ಲಿ ಪಂಚೆಗೇನು ಬರ? ಜರಿ ಅಂಚಿನದು ಮಾತ್ರ ಬೇಡ.